ಸೈಕಲ್ ಟ್ರ್ಯಾಕ್ ಮೇಲೆ ನಿಂತ ನಮ್ಮ ಕಾರು

(ಪುಣೆಯಲ್ಲಿ ನಮ್ಮ ಸಂಘದ ಮಹಿಳಾ ವಿಭಾಗ ಏರ್ಪಡಿಸಿದ್ದ ಮಹಿಳಾ ದಿನಾಚರಣೆಯಂದು ಮಾಡಿದ ಭಾಷಣದ ಬರಹ ರೂಪ)



ಮಹಿಳೆಯರಿಗೆ ಸಂಬಂಧಪಟ್ಟ ಯಾವುದಾದರೂ ವಿಷಯದ ಮೇಲೆ ಹತ್ತು-ಹದಿನೈದು ನಿಮಿಷ ಮಾತಾಡಿ ಎಂದು ಕಾರ್ಯದರ್ಶಿಯವರು ಫೋನ್ ಮಾಡಿದರು. ಸೈಕಲ್ ಬಗ್ಗೆ ಮಾತಾಡುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ವ್ಯಾಯಾಮದ ಬಗ್ಗೆ ಅಲ್ವಾ ಮೇಡಂ? ಮಂಡಿ ನೋವಿಗೆ ಒಳ್ಳೇದು" ಅಂದರು. ಮಂಡಿ ನೋವಿನ ಬಗ್ಗೆ ನಮ್ಮಲ್ಲಿ ಎಲ್ಲರೂ ನನಗಿಂತ ಚೆನ್ನಾಗಿ ಮಾತಾಡಬಲ್ಲರು. ನಾನು ಮಾತಾಡಬೇಕೆಂದಿರುವುದು ರಸ್ತೆಯ ಬಗ್ಗೆ. ಕಾರು ಇರುವವರಿಗಾಗಿಯೇ ಕಟ್ಟಿದಂತಿರುವ ನಮ್ಮ ಊರಿನಲ್ಲಿ, ಸೈಕಲ್ ಮೇಲೆ ಕೆಲಸಕ್ಕೆ ಹೋಗುವ ಹೆಂಗಸು ಸಂಜೆ ಸುರಕ್ಷಿತವಾಗಿ ಮನೆ ಮುಟ್ಟುವುದರ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಅಲ್ಲಿನ ಏರು-ಇಳಿವು ಗೊತ್ತಿದ್ದವರಿಗೆ ಗೊತ್ತು, ಕಾಲೇಜಿಗೆ ಹೋಗುವಾಗ ಅರ್ಧ ದಾರಿ ಸೈಕಲ್ ನಮ್ಮನ್ನು ಹೊರುತ್ತಿತ್ತು, ಇನ್ನರ್ಧ ದಾರಿ ನಾವು ಅದನ್ನು ತಳ್ಳುತ್ತಿದ್ದೆವು. 1988ರಲ್ಲಿ ಮದುವೆಯಾಗಿ ಪುಣೆಗೆ ಬಂದೆ. ಶಾಲೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ನಮ್ಮ ಅಪ್ಪ ನನ್ನ ಲೇಡೀಸ್ ಸೈಕಲ್ಲನ್ನು ಗೋಣಿತಾಟಿನಲ್ಲಿ ಸುತ್ತಿ ರೈಲಿಗೆ ಹಾಕಿ ಕಳಿಸಿದರು. ಆಗ ಪುಣೆಗೆ ‘ಸೈಕಲ್‌ಗಳ ನಗರ’ ಎಂಬ ಹೆಸರಿತ್ತು. ಬೆಳಿಗ್ಗೆ ಕರ್ವೆ ರಸ್ತೆಯಲ್ಲಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ ಟೀಚರುಗಳು, ಎರಡು ಜಡೆ ಹಾಕಿದ ಹುಡುಗಿಯರು, ಡಬ್ಬಿ ಕಟ್ಟಿಕೊಂಡು ಖಡಕಿಯ ಫ್ಯಾಕ್ಟರಿಗೆ ಹೊರಟ ಕೆಲಸಗಾರರು. ಅವರ ನಡುವೆ ನಾನೂ ಒಬ್ಬಳು. ಹೊಸ ಊರು, ಬಾರದ ಭಾಷೆ, ಆದರೂ ಸೈಕಲ್ ಮೇಲೆ ಕುಳಿತರೆ ಈ ಊರು ನನ್ನದೇ ಅನಿಸುತ್ತಿತ್ತು.

ಆಮೇಲೆ ಏನಾಯಿತು ಎಂದು ನಿಮಗೂ ಗೊತ್ತು, ಯಾಕೆಂದರೆ ನಿಮ್ಮ ಮನೆಯಲ್ಲೂ ಅದೇ ಆಗಿದೆ. ಮೊದಲು ಲೂನಾ ಬಂತು, ಆಮೇಲೆ ಸ್ಕೂಟರ್, ಆಮೇಲೆ ಕಾರು, ಆಮೇಲೆ ಮಗನಿಗೊಂದು ಬೈಕ್. 2018ರಲ್ಲಿ ಪುಣೆಯ ನೋಂದಾಯಿತ ವಾಹನಗಳ ಸಂಖ್ಯೆ ಊರಿನ ಜನಸಂಖ್ಯೆಯನ್ನೇ ದಾಟಿತು ಎಂದು ಪತ್ರಿಕೆಗಳು ಬರೆದವು. ನಾನು ಸೈಕಲ್ ಬಿಟ್ಟದ್ದು ಮಗಳು ಹುಟ್ಟಿದ ಮೇಲೆ. ಒಂದು ದಿನ ತಿರುವಿನಲ್ಲಿ ಬಸ್ಸೊಂದು ನನ್ನ ಮೊಣಕೈ ಸವರಿಕೊಂಡು ಹೋಯಿತು. ಬೀಳಲಿಲ್ಲ. ಆದರೆ ಮನೆಗೆ ಬಂದು ತೊಟ್ಟಿಲ ಮುಂದೆ ನಿಂತಾಗ ಕೈ ನಡುಗುತ್ತಿತ್ತು. ಮಾರನೆಯ ವಾರ ಲೂನಾ ಕೊಂಡೆವು. ನನಗೆ ದುಡ್ಡಿತ್ತು, ಕೊಂಡೆ. ದುಡ್ಡಿಲ್ಲದವರು ಏನು ಮಾಡಿದರು ಎಂದು ಆಗ ಯೋಚಿಸಲಿಲ್ಲ.

ಸರಕಾರದವರು ಏನೂ ಮಾಡಲಿಲ್ಲ ಎಂದರೆ ತಪ್ಪಾಗುತ್ತದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆ ಇರುವುದು ವಾಹನಗಳನ್ನು ಸಾಗಿಸಲಿಕ್ಕಲ್ಲ, ಜನರನ್ನು ಸಾಗಿಸಲಿಕ್ಕೆ ಎಂಬ ಮಾತನ್ನು ಒಪ್ಪಿಕೊಂಡಿತು. ಅದೇ ಕಾಲದಲ್ಲಿ ಪುಣೆಯಲ್ಲಿ ಬಿಆರ್‌ಟಿ ಬಸ್ಸಿನ ದಾರಿ ಬಂತು, ಅದರ ಜೊತೆ ಸೈಕಲ್ ಟ್ರ್ಯಾಕುಗಳೂ ಬಂದವು. 2017ರ ಡಿಸೆಂಬರಿನಲ್ಲಿ ಮಹಾನಗರ ಪಾಲಿಕೆ ಇಡೀ ಊರಿಗೆ ಸೈಕಲ್ ಯೋಜನೆಯನ್ನು ಮಂಜೂರು ಮಾಡಿತು. ಕಾಗದದ ಮೇಲೆ 800 ಕಿಲೋಮೀಟರಿಗೂ ಹೆಚ್ಚಿನ ಸೈಕಲ್ ದಾರಿಗಳ ಜಾಲ. ಬಾಡಿಗೆ ಸೈಕಲ್ಲುಗಳೂ ಬಂದವು. ಎರಡು-ಮೂರು ವರ್ಷಗಳಲ್ಲಿ ಬಾಡಿಗೆ ಸೈಕಲ್ಲುಗಳು ಮಾಯವಾದವು. ಟ್ರ್ಯಾಕುಗಳು ಇನ್ನೂ ಅಲ್ಲಲ್ಲಿ ಇವೆ. ಅವುಗಳ ಮೇಲೆ ಏನೇನಿದೆ ಎನ್ನುವುದೇ ಇವತ್ತಿನ ನನ್ನ ಕಥೆ.

ನಮ್ಮ ಮನೆಗೆ ಅಡಿಗೆ ಮಾಡಲು ಒಬ್ಬ ಹೆಂಗಸು ಬರುತ್ತಾರೆ. ಪುಣೆಯ ರೂಢಿಯಂತೆ ನಾವು ಅವರನ್ನು ಮಾವಶಿ ಎನ್ನುತ್ತೇವೆ. ವಿಜಯಪುರ ಜಿಲ್ಲೆಯವರು. ಅವರ ಊರು ಬಿಟ್ಟು ಇಪ್ಪತ್ತು ವರ್ಷವಾಗಿದೆ. ಗಂಡ ಕಟ್ಟಡದ ಕೆಲಸಕ್ಕೆ ಬಂದವನು, ಹಿಂದೆಯೇ ಇವರೂ ಬಂದರು. ಮಾತು ಅಚ್ಚ ಕನ್ನಡ. ನಮ್ಮ ಸಂಘದ ರಾಜ್ಯೋತ್ಸವಕ್ಕೆ ಮಾತ್ರ ಅವರನ್ನು ಯಾರೂ ಕರೆದಿಲ್ಲ, ನಾನೂ ಕರೆದಿಲ್ಲ. ಬೆಳಿಗ್ಗೆ ಮೂರು ಮನೆ, ಸಂಜೆ ಎರಡು ಮನೆ. ಒಂದು ಮನೆಗೂ ಇನ್ನೊಂದು ಮನೆಗೂ ನೇರ ಬಸ್ಸಿಲ್ಲ. ಆಟೋ ಹತ್ತಿದರೆ ಸಂಬಳದ ಕಾಲು ಭಾಗ ಅದಕ್ಕೇ ಹೋಗುತ್ತದೆ. ಹಾಗಾಗಿ ಮಗ ಶಾಲೆಗೆ ಒಯ್ಯುತ್ತಿದ್ದ ಹಳೆಯ ಸೈಕಲ್ಲನ್ನು ನಲವತ್ತರ ವಯಸ್ಸಿನಲ್ಲಿ ಕಲಿತರು. ಕಲಿತ ಮೇಲೆ ಒಂದು ಮನೆ ಹೆಚ್ಚಿಗೆ ಹಿಡಿದರು. "ಅಕ್ಕಾರ, ಈ ಸೈಕಲ್ ನನಗ ದಿನಾ ಒಂದ್ ತಾಸು ಉಳಿಸಿಕೊಡ್ತದ್ರಿ" ಎನ್ನುತ್ತಿದ್ದರು.

ಹೋದ ವರ್ಷ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮಾವಶಿ ಬರಲಿಲ್ಲ. ಫೋನೂ ಎತ್ತಲಿಲ್ಲ. ನನಗೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಮೂರನೆಯ ದಿನ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಮಗನ ಜೊತೆ ಬಂದರು. ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಹೇಳಿದರು: "ಸೈಕಲ್ ಹಾದಿ ಮ್ಯಾಲ ಕಾರ್ ನಿಂತಿತ್ರಿ ಅಕ್ಕಾರ. ಇಳದು ತಳ್ಳಿಕೊಂಡು ಹೋಗೂಣು ಅಂದ್ರ ಫುಟ್‌ಪಾತ್ ಮ್ಯಾಲೂ ಗಾಡಿ. ದೊಡ್ಡ ರಸ್ತಾಕ್ಕ ಬಂದೆ. ಹಿಂದಿಂದ ಟೆಂಪೋ ಬಂತ್ರಿ, ಹ್ಯಾಂಡಲ್‌ಗೆ ತಾಗಿತು." ಮಣಿಕಟ್ಟಿನ ಮೂಳೆ ಮುರಿದಿತ್ತು. ಟೆಂಪೋ ನಿಲ್ಲಲಿಲ್ಲ. ಕಾರಿನವರು ಯಾರೋ ಗೊತ್ತಿಲ್ಲ, ಅವರಿಗೆ ತಮ್ಮಿಂದ ಏನಾಯಿತೆಂಬುದೂ ಗೊತ್ತಿರಲಿಕ್ಕಿಲ್ಲ.

ನಾನು ಆ ಕಾರಿನವರನ್ನು ಬೈಯಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿತು. ಅದಕ್ಕೆ ಹಿಂದಿನ ಭಾನುವಾರ ನಮ್ಮ ರಾಜ್ಯೋತ್ಸವ ಕಾರ್ಯಕ್ರಮವಿತ್ತು. ಸಭಾಂಗಣದ ಪಾರ್ಕಿಂಗ್ ತುಂಬಿತ್ತು. ನಮ್ಮ ಯಜಮಾನರು "ಇಲ್ಲೇ ಹಾಕಲಾ?" ಅಂದರು. ನಾನೇ "ಹಾಕ್ರಿ, ಹೊತ್ತಾಯ್ತು, ನಾಡಗೀತೆ ಶುರುವಾಗ್ತದ" ಅಂದೆ. ಅಲ್ಲಿ ಕೆಂಪು ಬಣ್ಣ ಬಳಿದ ಸೈಕಲ್ ಟ್ರ್ಯಾಕ್ ಇತ್ತು. ನಮ್ಮ ಮುಂದೆ ಐದು ಕಾರು, ಹಿಂದೆ ನಾಲ್ಕು. ಎಲ್ಲರೂ ನಮ್ಮವರೇ. ಅದು ಬೇರೆ ರಸ್ತೆ, ಬೇರೆ ದಿನ. ಮಾವಶಿ ಬಿದ್ದದ್ದು ನಮ್ಮ ಕಾರಿನಿಂದಲ್ಲ. ಆದರೆ ಅಂದು ನಮ್ಮ ಕಾರಿನ ಪಕ್ಕದಿಂದ ದೊಡ್ಡ ರಸ್ತೆಗೆ ಇಳಿದವರು ಯಾರು, ಅವರು ಮನೆ ಮುಟ್ಟಿದರೋ ಇಲ್ಲವೋ, ನನಗೇನು ಗೊತ್ತು? ನಾವು ಒಳಗೆ ಕುಳಿತು ಸಮೂಹಗಾನ ಕೇಳುತ್ತಿದ್ದೆವು.

ಮಾವಶಿ ಎರಡು ತಿಂಗಳು ಕೆಲಸಕ್ಕೆ ಬರಲಾಗಲಿಲ್ಲ. ಐದು ಮನೆಗಳಲ್ಲಿ ಮೂರು ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ದಿನಕ್ಕೆ 460ಕ್ಕೂ ಹೆಚ್ಚು. ಮುರಿದ ಮಣಿಕಟ್ಟು, ಕಳೆದುಹೋದ ಮೂರು ಮನೆ, ಬಿಟ್ಟುಹೋದ ಸೈಕಲ್ ಇವೆಲ್ಲ ಆ ಲೆಕ್ಕದೊಳಗೆ ಬರುವುದೇ ಇಲ್ಲ.

ಅಂದಿನಿಂದ ನಾನು ಸೈಕಲ್ ಟ್ರ್ಯಾಕುಗಳನ್ನು ನೋಡುತ್ತಾ ನಡೆಯಲು ಶುರುಮಾಡಿದೆ. ನಿವೃತ್ತಿಯಾಗಿದೆ, ಸಮಯವಿದೆ. ನೋಡಿದ್ದನ್ನು, ಓದಿದ್ದನ್ನು ಟೀಚರ್ ಅಭ್ಯಾಸದಂತೆ ನಿಮಗೆ ಪಾಠ ಮಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲನೆಯದು, ಬಣ್ಣ ಬಳಿದರೆ ದಾರಿಯಾಗುವುದಿಲ್ಲ. ರಸ್ತೆಯ ಅಂಚಿನಲ್ಲಿ ಗೆರೆ ಎಳೆದು ಸೈಕಲ್ ಚಿತ್ರ ಬರೆದರೆ ಅದು ಮಾರನೆಯ ದಿನ ಪಾರ್ಕಿಂಗ್ ಆಗುತ್ತದೆ. ವಾಹನಗಳಿಗೂ ಸೈಕಲ್ಲಿಗೂ ನಡುವೆ ಗಟ್ಟಿಯಾದ ಏನಾದರೂ ಇರಬೇಕು. ಕಲ್ಲಿನ ಕಟ್ಟೆ, ಗಿಡಗಳ ಸಾಲು, ಕಂಬಗಳು. ಕಾರು ನಿಲ್ಲಿಸಲು ಜಾಗ ಕೊಡಲೇಬೇಕಾದರೆ ಟ್ರ್ಯಾಕಿನ ಆಚೆ, ರಸ್ತೆಯ ಕಡೆಗೆ ಕೊಡಬೇಕು. ನಡುವೆ ಕಾರಿನ ಬಾಗಿಲು ತೆರೆಯುವಷ್ಟು ಅಂತರವೂ ಬೇಕು, ಇಲ್ಲದಿದ್ದರೆ ತೆರೆದ ಬಾಗಿಲಿಗೇ ಸೈಕಲ್ ಬಡಿಯುತ್ತದೆ.

ಎರಡನೆಯದು, ದಾರಿ ನಡುವೆ ಕಡಿಯಬಾರದು. ನಮ್ಮಲ್ಲಿ ಟ್ರ್ಯಾಕ್ ಇನ್ನೂರು ಮೀಟರ್ ಹೋಗುತ್ತದೆ, ಆಮೇಲೆ ವಿದ್ಯುತ್ ಪೆಟ್ಟಿಗೆ, ಬಸ್ ಸ್ಟಾಪು, ವಡಾಪಾವ್ ಗಾಡಿ. ಸರಪಳಿಯ ಒಂದು ಕೊಂಡಿ ಬಿಟ್ಟರೆ ಸೈಕಲ್ಲಿನ ಚೈನೇ ಓಡುವುದಿಲ್ಲ, ದಾರಿಯದೂ ಹಾಗೆ. ಹತ್ತು ಕಡೆ ಇಳಿದು ಹತ್ತಬೇಕಾದರೆ ಜನ ಮೊದಲೇ ದೊಡ್ಡ ರಸ್ತೆಯಲ್ಲಿ ಹೋಗುತ್ತಾರೆ.

ಮೂರನೆಯದು, ಚೌಕ. ನೇರ ರಸ್ತೆಗಿಂತ ಚೌಕದಲ್ಲಿ ಅಪಾಯ ಹೆಚ್ಚು. ಸೈಕಲ್ಲಿನವರು ಎಡಕ್ಕೆ ಅಂಟಿಕೊಂಡು ನೇರ ಹೋಗುತ್ತಿರುತ್ತಾರೆ, ಹಿಂದಿನಿಂದ ಬಂದ ವಾಹನ ಎಡಕ್ಕೆ ತಿರುಗಿ ಅವರನ್ನು ಅಡ್ಡ ಕತ್ತರಿಸುತ್ತದೆ. ತಿರುವಿನ ಮೂಲೆಯನ್ನು ಅಗಲ ಮಾಡಿದಷ್ಟೂ ವಾಹನಗಳು ಬ್ರೇಕ್ ಹಾಕದೆ ತಿರುಗುತ್ತವೆ. ಮೂಲೆಯನ್ನು ಬಿಗಿ ಮಾಡಿದರೆ, ದಾಟುವ ಜಾಗವನ್ನು ಫುಟ್‌ಪಾತಿನ ಎತ್ತರಕ್ಕೆ ಏರಿಸಿದರೆ, ಚಾಲಕ ತಾನಾಗಿಯೇ ನಿಧಾನ ಮಾಡುತ್ತಾನೆ.

ನಾಲ್ಕನೆಯದು, ವೇಗ. ಗಂಟೆಗೆ 50 ಕಿಲೋಮೀಟರ್ ಬದಲು 65 ಕಿಲೋಮೀಟರ್ ವೇಗದ ಕಾರು ಬಡಿದರೆ, ನಡೆದು ಹೋಗುವವರು ಸಾಯುವ ಅಪಾಯ ನಾಲ್ಕೂವರೆ ಪಟ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆಚ್ಚಾದದ್ದು ಬರೀ ಹದಿನೈದು ಕಿಲೋಮೀಟರ್! ಅದಕ್ಕೇ 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳ ಘೋಷಣೆ, ಜನ ಮತ್ತು ವಾಹನ ಬೆರೆಯುವ ಬೀದಿಗಳಲ್ಲಿ ವೇಗ 30 ದಾಟಬಾರದು ಎಂದಿತು.

ಐದನೆಯದನ್ನು ಗಂಡಸರು ಮರೆಯುತ್ತಾರೆ. ಬೆಳಕು. ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಗಿಡ ಮುಚ್ಚಿದ ಟ್ರ್ಯಾಕಿನಲ್ಲಿ ರಾತ್ರಿ ಎಂಟಕ್ಕೆ ಯಾವ ಹೆಣ್ಣುಮಗಳು ಒಬ್ಬಳೇ ಹೋಗುತ್ತಾಳೆ? ಅಂಗಡಿಗಳ ಕಣ್ಣಿಗೆ ಕಾಣುವಂತೆ, ದೀಪದ ಕೆಳಗೆ ದಾರಿ ಇರಬೇಕು. ನಮ್ಮ ಓಡಾಟವೂ ಬೇರೆ ತರಹ. ಗಂಡಸರು ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ. ನಾವು ಮಗುವನ್ನು ಶಾಲೆಗೆ ಬಿಟ್ಟು, ತರಕಾರಿ ತಂದು, ಅತ್ತೆಯವರ ಮಾತ್ರೆ ಕೊಂಡು, ಹಿಟ್ಟಿನ ಗಿರಣಿಗೆ ಹೋಗಿ ಬರುವವರು. ಎಲ್ಲ ಒಂದೆರಡು ಕಿಲೋಮೀಟರಿನೊಳಗೆ. ಸೈಕಲ್ಲಿಗೆ ಹೇಳಿ ಮಾಡಿಸಿದ ಓಡಾಟ. ಆದರೆ ಯೋಜನೆ ಮಾಡುವವರು ದೊಡ್ಡ ರಸ್ತೆ ನೋಡುತ್ತಾರೆ, ನಮ್ಮ ಓಣಿಗಳನ್ನು ನೋಡುವುದಿಲ್ಲ.

ಇದೆಲ್ಲ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಸೈಕಲ್ ಟ್ರ್ಯಾಕ್ ಹೇಗೆ ಕಟ್ಟಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೇ ಇದೆ, 2015ರಲ್ಲಿ ಅದನ್ನು ಹೊಸದಾಗಿ ಬರೆದಿದ್ದಾರೆ. ಪುಸ್ತಕ ಇದೆ, ಯೋಜನೆ ಇದೆ. ಕೇಳುವವರು ಇಲ್ಲ.

ಮನೆಯಲ್ಲಿ ಈ ಮಾತು ತೆಗೆದಾಗ ನಮ್ಮ ಯಜಮಾನರು ಎರಡು ಪ್ರಶ್ನೆ ಕೇಳಿದರು. ನಿಮ್ಮ ಮನೆಯಲ್ಲೂ ಕೇಳುತ್ತಾರೆ, ಅದಕ್ಕೇ ಹೇಳುತ್ತೇನೆ. ಒಂದು: "ಕಾರಿಗೇ ಜಾಗ ಇಲ್ಲ, ಸೈಕಲ್ಲಿಗೆ ಎಲ್ಲಿಂದ ತರ್ತೀ?" ನಾನಂದೆ, ನಮ್ಮ ಕಾರು ನಿಲ್ಲುವ ಜಾಗದಲ್ಲಿ ಎಂಟು-ಹತ್ತು ಸೈಕಲ್ ನಿಲ್ಲುತ್ತವೆ, ಜಾಗ ತಿನ್ನುತ್ತಿರುವವರು ಯಾರು? ಅವರ ಎರಡನೆಯ ಪ್ರಶ್ನೆ: "ಇರುವ ಟ್ರ್ಯಾಕಿನ ಮೇಲೇ ಯಾರೂ ಸೈಕಲ್ ಓಡಿಸೋದಿಲ್ಲ, ಇನ್ನೂ ಯಾಕೆ ಬೇಕು?" ಅರ್ಧ ಬಾವಿ ತೋಡಿ ನಿಲ್ಲಿಸಿ, ನೋಡಿ ನೀರೇ ಇಲ್ಲ ಅಂದ ಹಾಗಾಯಿತು ಇದು. ಪುಣ್ಯಾತ್ಮರು, ಆಮೇಲೆ ಸುಮ್ಮನಾದರು. ಒಪ್ಪಿದರೋ, ಚಹಾ ಸಿಗುವುದಿಲ್ಲವೆಂದು ಹೆದರಿದರೋ ಗೊತ್ತಿಲ್ಲ.

ಹಾಲೆಂಡಿನಲ್ಲಿ ಮೊದಲಿನಿಂದಲೂ ಸೈಕಲ್ ಇತ್ತು, ಅವರ ಮಾತೇ ಬೇರೆ ಎನ್ನುತ್ತಾರೆ. ಅಲ್ಲಿಯೂ ನಮ್ಮಂತೆಯೇ ಕಾರುಗಳು ಬಂದು ಸೈಕಲ್ಲುಗಳನ್ನು ತಳ್ಳಿದ್ದವು. 1971ರಲ್ಲಿ ಆ ಚಿಕ್ಕ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ ಬರೆದ ಲೇಖನದಿಂದ ಒಂದು ಚಳವಳಿ ಹುಟ್ಟಿತು. ಅದರ ಹೆಸರಿನ ಅರ್ಥ ‘ಮಕ್ಕಳ ಕೊಲೆ ನಿಲ್ಲಿಸಿ’. ಅದರ ಮೊದಲ ಅಧ್ಯಕ್ಷೆ ಮಾರ್ಟ್ಯೆ ವ್ಯಾನ್ ಪುಟನ್ ಎಂಬ ತರುಣಿ. ಬೀದಿಗೆ ಅಡ್ಡಲಾಗಿ ಮೇಜು ಹಾಕಿ ಊಟಕ್ಕೆ ಕೂರುವುದು, ಒಂದು ದಿನದ ಮಟ್ಟಿಗೆ ಬೀದಿಯನ್ನು ಮಕ್ಕಳ ಆಟಕ್ಕೆ ಬಿಡುವುದು, ಇವು ಅವರ ಹೋರಾಟದ ದಾರಿಗಳು. ಇವತ್ತು ನಾವು ಫೋಟೋದಲ್ಲಿ ನೋಡಿ ಹೊಟ್ಟೆಕಿಚ್ಚು ಪಡುವ ಸೈಕಲ್ ದಾರಿಗಳ ಹಿಂದೆ ಆ ತಾಯಂದಿರಿದ್ದಾರೆ.

ಅಷ್ಟು ದೂರ ಬೇಡವೆಂದರೆ ತಮಿಳುನಾಡಿನ ಪುದುಕ್ಕೋಟ್ಟೈಗೆ ಬನ್ನಿ. 1990ರ ದಶಕದ ಆರಂಭದಲ್ಲಿ ಅಲ್ಲಿನ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರು ಸಾಕ್ಷರತಾ ಆಂದೋಲನದ ಜೊತೆ ಹೆಂಗಸರಿಗೆ ಸೈಕಲ್ ಕಲಿಸಿದರು. ಕಲ್ಲುಕೋರೆಯ ಕೂಲಿಯವರು, ಅಂಗನವಾಡಿಯವರು, ದಾದಿಯರು, ಸಾವಿರಾರು ಹೆಂಗಸರು ಗಂಡಸರ ಸೈಕಲ್ಲನ್ನೂ ಬಿಡದೆ ಹತ್ತಿದರು. ನಮ್ಮ ಕರ್ನಾಟಕದಲ್ಲೂ ಎಂಟನೆಯ ತರಗತಿಯ ಮಕ್ಕಳಿಗೆ ಸರಕಾರ ಸೈಕಲ್ ಕೊಟ್ಟಿತು, ಹಳ್ಳಿಯ ಹುಡುಗಿಯರು ಹೈಸ್ಕೂಲಿಗೆ ಹೋದರು. ಸೈಕಲ್ ಸಿಕ್ಕರೆ ಹೆಣ್ಣು ಎಲ್ಲಿಯವರೆಗೆ ಹೋಗಬಲ್ಲಳು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿಗೆ ಬಂದ ಮೇಲೆ ಅವಳಿಗೆ ದಾರಿ ಇಲ್ಲ, ಅಷ್ಟೆ.

ಜನವರಿಯಲ್ಲಿ ನಮ್ಮ ಸೊಸೈಟಿಯ ಆರು ಜನ ಹೆಂಗಸರು, ಸಂಕ್ರಾಂತಿಯ ಎಳ್ಳು ಹಂಚಿ ಮುಗಿದ ಮೇಲೆ, ಒಂದು ಕೆಲಸ ಮಾಡಿದೆವು. ಎರಡು ದಿನ ಬೆಳಿಗ್ಗೆ ನೋಟ್‌ಬುಕ್ ಹಿಡಿದು ನಮ್ಮ ಚೌಕದಲ್ಲಿ ನಿಂತು ಸೈಕಲ್ಲುಗಳನ್ನು ಎಣಿಸಿದೆವು. "ಈಗ ಯಾರು ಸೈಕಲ್ ಹೊಡಿತಾರೆ" ಎನ್ನುತ್ತಿದ್ದ ನಮ್ಮ ನೋಟ್‌ಬುಕ್ಕಿನಲ್ಲಿ ಪುಟ ತುಂಬಿತು. ರಾತ್ರಿಪಾಳಿ ಮುಗಿಸಿದ ವಾಚ್‌ಮನ್‌ಗಳು, ಪೇಪರ್ ಹಾಕುವ ಹುಡುಗರು, ಇಸ್ತ್ರಿಯವರು, ಶಾಲೆಯ ಮಕ್ಕಳು, ಹೆಲ್ಮೆಟ್ ಹಾಕಿದ ಒಬ್ಬಿಬ್ಬರು ಸಾಫ್ಟ್‌ವೇರಿನವರು. ಹೆಂಗಸರು ಮಾತ್ರ ಒಂದು ಕೈಯ ಬೆರಳಿಗೆ ಸಿಕ್ಕರು. ಅಷ್ಟೂ ಜನರಲ್ಲಿ ಹೆಚ್ಚಿನವರು ಹೋಗುತ್ತಿದ್ದದ್ದು ದೊಡ್ಡ ರಸ್ತೆಯಲ್ಲಿ, ಬಸ್ಸುಗಳ ಪಕ್ಕದಲ್ಲಿ. ಟ್ರ್ಯಾಕಿನ ಮೇಲೆ ಕಾರುಗಳಿದ್ದವು.

ಫೋಟೋ, ಎಣಿಕೆ, ಒಂದು ಪುಟದ ಅರ್ಜಿ ಸೇರಿಸಿ ವಾರ್ಡ್ ಆಫೀಸಿಗೆ ಹೋದೆವು. ಮೊದಲ ಸಲ ಸಾಹೇಬರು ಇರಲಿಲ್ಲ. ಎರಡನೆಯ ಸಲ ಇದ್ದರು, ಅರ್ಜಿ ಇದು ಟ್ರಾಫಿಕ್ ಪೊಲೀಸರದು ಅಂದರು. ಪೊಲೀಸರು ರಸ್ತೆ ವಿಭಾಗ ಅಂದರು. ನಾಲ್ಕನೆಯ ಸಲ ಒಬ್ಬ ತರುಣ ಇಂಜಿನಿಯರ್ ನಮ್ಮ ಜೊತೆ ಚೌಕಕ್ಕೆ ನಡೆದು ಬಂದ. ಮಾವಶಿ ಬಿದ್ದ ಜಾಗದಲ್ಲಿ ಸ್ವಲ್ಪ ಉದ್ದಕ್ಕೆ ಈಗ ಕಂಬಗಳು ಬಂದಿವೆ. ವಿದ್ಯುತ್ ಪೆಟ್ಟಿಗೆ ಅಲ್ಲೇ ಇದೆ. ಕಂಬ ಮುಗಿದ ಕೂಡಲೇ ಕಾರುಗಳು ಶುರುವಾಗುತ್ತವೆ. ಇದನ್ನು ಗೆಲುವು ಎನ್ನಲಾರೆ. ಆದರೆ ಅಷ್ಟು ಉದ್ದದಲ್ಲಿ ಈಗ ಯಾರೂ ದೊಡ್ಡ ರಸ್ತೆಗೆ ಇಳಿಯಬೇಕಿಲ್ಲ.

ಮಾವಶಿ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ, ನಡೆದುಕೊಂಡು. ಸೈಕಲ್ ಮನೆಯ ಹಿಂದೆ ಒರಗಿಸಿದೆಯಂತೆ. "ಹೆದರಿಕಿ ಹೋಗವಲ್ದ್ರಿ ಅಕ್ಕಾರ" ಎಂದರು. ಆ ಒಂದು ತಾಸು ಹೋಯಿತು, ಅದರ ಜೊತೆ ಒಂದು ಮನೆಯ ಸಂಬಳವೂ ಹೋಯಿತು. ಕಂಬ ಹಾಕಿದ್ದು ತೋರಿಸಿದೆ. ನೋಡಿದರು. "ಮುಂದಿನ ಚೌಕದ ತನಕ ಆಗಲ್ರಿ, ಆಮ್ಯಾಲ ನೋಡೂಣು" ಅಂದರು.

ಮುಂದಿನ ಚೌಕದ ತನಕ ಆಗಬೇಕಾದರೆ ಆರು ಹೆಂಗಸರು ಸಾಲದು. ಅದಕ್ಕೇ ನಮ್ಮ ಮಹಿಳಾ ವಿಭಾಗದ ಮುಂದೆ ಮೂರು ಬೇಡಿಕೆ ಇಡುತ್ತೇನೆ.

ಒಂದು, ಪುಣೆಯಲ್ಲಿ 2006ರಿಂದ ನಾಗರಿಕರೇ ತಮ್ಮ ಪ್ರಭಾಗದ ಕೆಲಸಗಳನ್ನು ಪಾಲಿಕೆಯ ಬಜೆಟ್ಟಿಗೆ ಸೂಚಿಸುವ ಪದ್ಧತಿ ಇದೆ. ಈ ಸಲ ಅರ್ಜಿ ಕರೆದಾಗ ನಾವು ಇರುವ ಪ್ರತಿಯೊಂದು ಬಡಾವಣೆಯಿಂದ ಒಂದೊಂದು ಅರ್ಜಿ ಹೋಗಲಿ. ‘ಸೈಕಲ್ ಟ್ರ್ಯಾಕ್ ಬೇಕು’ ಎಂದು ಬರೆಯಬೇಡಿ. ಯಾವ ರಸ್ತೆ, ಯಾವ ಚೌಕದಿಂದ ಯಾವ ಚೌಕ, ಎಲ್ಲಿ ಕಂಬ, ಎಲ್ಲಿ ದೀಪ, ಯಾವ ಪೆಟ್ಟಿಗೆ ಸರಿಸಬೇಕು, ಹಾಗೆ ಬರೆಯಿರಿ. ಎಣಿಸಿ ಬರೆಯಿರಿ. ಮುಂಬಯಿ, ಚೆನ್ನೈ, ಹೈದರಾಬಾದಿನಲ್ಲಿ ಕುಳಿತು ಇದನ್ನು ಓದುವವರೂ ತಮ್ಮ ಓಣಿಯನ್ನು ಒಮ್ಮೆ ಎಣಿಸಿ ನೋಡಲಿ.

ಎರಡು, ಬೇಸಿಗೆ ರಜೆಯಲ್ಲಿ ನಾವು ಕನ್ನಡ ಕಲಿಸುವ ಶಿಬಿರ ಮಾಡುತ್ತೇವಲ್ಲ, ಅದೇ ಮೈದಾನದಲ್ಲಿ ಬೆಳಿಗ್ಗೆ ಒಂದು ತಾಸು ಹೆಂಗಸರಿಗೆ ಸೈಕಲ್ ಕಲಿಸೋಣ. ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಕನ್ನಡದ ಅಕ್ಕ-ತಂಗಿಯರನ್ನೂ ಕರೆಯೋಣ. ಮುಂದಿನ ರಾಜ್ಯೋತ್ಸವಕ್ಕೆ ಮಾವಶಿ ನನ್ನ ಜೊತೆ ಬರುತ್ತಾರೆ, ಅದನ್ನು ಮಾತ್ರ ನಾನು ಯಾರ ಒಪ್ಪಿಗೆಯನ್ನೂ ಕೇಳುತ್ತಿಲ್ಲ.

ಮೂರು, ನಮ್ಮ ಎಲ್ಲ ಆಮಂತ್ರಣ ಪತ್ರಿಕೆಗಳಲ್ಲಿ ‘ಎಲ್ಲರಿಗೂ ಆದರದ ಸ್ವಾಗತ’ದ ಕೆಳಗೆ ಇನ್ನೊಂದು ಸಾಲು ಸೇರಲಿ: ‘ಸೈಕಲ್ ಟ್ರ್ಯಾಕ್ ಮತ್ತು ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಬಾರದಾಗಿ ವಿನಂತಿ.’ ಖರ್ಚಿಲ್ಲದ ಕೆಲಸ. ಇಂಜಿನಿಯರ್ ಕೇಳಬೇಕಿಲ್ಲ, ಪೊಲೀಸರು ಬರಬೇಕಿಲ್ಲ.

ಊಟಕ್ಕೆ ಏಳುವ ಮುಂಚೆ ಒಂದೇ ಒಂದು ಮಾತು. ನಾನು ಇವತ್ತು ಆಟೋದಲ್ಲಿ ಬಂದೆ. ಇಳಿಯುವಾಗ ಹೊರಗೆ ಟ್ರ್ಯಾಕ್ ಮೇಲೆ ನಾಲ್ಕು ಕಾರು ನಿಂತಿದ್ದವು. ನಂಬರ್ ಓದಿ ಯಾರನ್ನೂ ನಾಚಿಸುವುದಿಲ್ಲ. ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ಈಗಲೇ ಎದ್ದು ಹೋಗಿ ತೆಗೆದು ಬನ್ನಿ. ಹಿಂದಿನ ಬೀದಿಯಲ್ಲಿ ಜಾಗವಿದೆ, ನಾನು ನೋಡಿ ಬಂದಿದ್ದೇನೆ. ನೀವು ಬರುವವರೆಗೆ ಎಲೆ ಹಾಕುವುದಿಲ್ಲ ಎಂದು ಅಡಿಗೆಯವರಿಗೆ ಹೇಳಿದ್ದೇನೆ.